ಸಂಘದ ಹಳೆಯ ಕಂಪ್ಯೂಟರಿಗೆ ಯಾವ ಭಾಗ ಕೊಳ್ಳಬೇಕು?
(ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಹತ್ತು ವರ್ಷದ ಕಂಪ್ಯೂಟರು ನಿಧಾನವಾಯಿತು, ಹೊಸದನ್ನು ಕೊಳ್ಳೋಣವೆಂಬ ಮಾತು ಕೇಳಿಬರುತ್ತಿದೆ. ಆ ಹಣ ಹಾಲು ಹಾಕಿದವರದು. ಆದುದರಿಂದ ಮೊದಲು ಪೆಟ್ಟಿಗೆ ಬಿಚ್ಚಿ ನೋಡತಕ್ಕದ್ದು.

ಲೆಕ್ಕಪತ್ರವನ್ನು ಇಟ್ಟುಕೊಳ್ಳುವ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ; ಬೇಕಾದುದನ್ನು ಒಂದು ಸಣ್ಣ ತೋಳು ಹುಡುಕಿ ಓದಬೇಕು. ತಡವೆಲ್ಲ ಬಹುಮಟ್ಟಿಗೆ ಅಲ್ಲಿಯೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಕೈಯಲ್ಲಿರುವ ದುಡ್ಡು ಒಂದೇ ಭಾಗಕ್ಕೆ ಸಾಕಾದರೆ ಇದನ್ನೇ ಕೊಳ್ಳಿರಿ. ಎರಡೂವರೆ ಅಂಗುಲದ ಸಾಟಾ ಬಗೆಯದನ್ನು ಕೇಳಿರಿ, ಹಳೆಯ ತಂತಿಗಳಿಗೇ ಕೂಡುತ್ತದೆ. ಬದಲಿಸುವ ಮುನ್ನ ಸದಸ್ಯರ ಲೆಕ್ಕದ ನಕಲನ್ನು ಬೇರೆಡೆ ತೆಗೆದಿಡದೆ ಯಾರೂ ಕೈ ಹಚ್ಚಕೂಡದು.

ಅನಂತರ ರ್‍ಯಾಮ್. 4 ಜಿಬಿ ಇದ್ದರೆ 8 ಮಾಡಿಸಿರಿ. ಡಿಡಿಆರ್3 ಕೂರುವಲ್ಲಿ ಡಿಡಿಆರ್4 ಕೂರದು, ಕಚ್ಚಿನ ಜಾಗವೇ ಬೇರೆ. ಹಳೆಯ ಪಟ್ಟಿಯನ್ನೇ ಅಂಗಡಿಗೆ ಒಯ್ಯಿರಿ. ಎತ್ತಿಗೆ ಲಾಳ ಕಟ್ಟಿಸುವಾಗ ಅಳತೆ ನೋಡುವುದಿಲ್ಲವೇ?

ದಿನಾಂಕ ಮಾತ್ರ ತಪ್ಪುತ್ತಿದ್ದರೆ ಸಾಮಾನ್ಯವಾಗಿ ಬೇಕಾದುದು ನಾಣ್ಯದಂಥ ಒಂದು ಸೆಲ್ಲು, ಸಿಆರ್2032.

ವಿಂಡೋಸ್ 10ಕ್ಕೆ ಮಾಮೂಲು ರಕ್ಷಣೆಯ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ನಿಂತುವು. ವಿಂಡೋಸ್ 11 ಬೇಕೆಂದು ಪ್ರೊಸೆಸರು ಬದಲಿಸಹೊರಟರೆ ಮದರ್‌ಬೋರ್ಡಿನ ಖರ್ಚೂ ಬೆನ್ನಿಗೆ ಬರುತ್ತದೆ. ನಿಮ್ಮ ಲೆಕ್ಕದ ಸಾಫ್ಟ್‌ವೇರು ಲಿನಕ್ಸಿನಲ್ಲಿ ನಡೆಯುವುದೇ ಎಂದು ಮೊದಲು ವಿಚಾರಿಸಿರಿ. ಲಿನಕ್ಸಿಗೆ ಹಣ ಕೊಡಬೇಕಾದುದಿಲ್ಲ. ನಡೆಯದಿದ್ದರೆ ಮಾತ್ರ ಹೊಸ ಯಂತ್ರದ ಠರಾವು ಸಭೆಗೆ ಬರಲಿ.