ಹಿಡಿಯಬೇಕಾದರೆ ಮೊದಲು ಕೆಳಗಿಳಿಯಬೇಕು



ನಾನು ಸಾಫ್ಟ್‌ವೇರ್ ಕೆಲಸದವನು, ಇಸ್ರೋದವನಲ್ಲ. ಆದರೂ ಬೆಳಿಗ್ಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಹಿಡಿದು ಕೇಳಿದಳು: “ಅಣ್ಣಾ, ಮುಂದೆ ಹೋಗ್ತಿರೋ ಉಪಗ್ರಹನ ಹಿಂದಿಂದು ಹಿಡೀಬೇಕಾದ್ರೆ ಎಂಜಿನ್ ಜೋರು ಮಾಡಿದ್ರೆ ಸಾಕಲ್ವಾ?”

ಸಾಲದು, ತಾಯಿ. ಹುಳಿಯಾರು ರಸ್ತೆಯಲ್ಲಿ ಬೈಕು ಜೋರು ಮಾಡಿದರೆ ಮುಂದಿನ ಬಸ್ಸು ಸಿಗುತ್ತದೆ. ಕಕ್ಷೆಯಲ್ಲಿ ಹಾಗಲ್ಲ. ವೇಗ ಹೆಚ್ಚಿಸಿದರೆ ನೌಕೆ ಮೇಲಿನ ದೊಡ್ಡ ಸುತ್ತಿಗೆ ಏರುತ್ತದೆ. ಆ ಸುತ್ತು ಮುಗಿಯಲು ಹೆಚ್ಚು ಹೊತ್ತು ಬೇಕು, ಇನ್ನೂ ಹಿಂದೆ ಬೀಳುತ್ತದೆ. ಅದಕ್ಕೇ ಮೊದಲು ವೇಗ ತಗ್ಗಿಸಬೇಕು. ಆಗ ಅದು ಕೆಳಗಿನ ಚಿಕ್ಕ ಸುತ್ತಿಗೆ ಇಳಿಯುತ್ತದೆ. ಅಲ್ಲಿ ದಾರಿಯೂ ಕಡಿಮೆ, ಓಟವೂ ಜೋರು. ಹೀಗೆ ಅಂತರ ಕರಗಿದ ಮೇಲೆ ಮೆಲ್ಲಗೆ ಮೇಲೇರಿ ಜೊತೆಗೂಡಬೇಕು.

2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅವರಿದ್ದ ನೌಕೆ ಬಾಹ್ಯಾಕಾಶ ನಿಲ್ದಾಣ ಸೇರಲು ಸುಮಾರು 28 ಗಂಟೆ ಹಿಡಿಯಿತು. ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಅಂದರೆ ಒಂದು ರಾತ್ರಿ ಬಸ್ಸಿನ ದೂರ! ಮಂಗಳಕ್ಕಂತೂ ಹೊರಡುವ ಕಾಲ ಬರುವುದೇ 26 ತಿಂಗಳಿಗೊಮ್ಮೆ. ಮನುಷ್ಯರು ಹೋದರೆ, ಮರಳುವ ಕಾಲ ಕೂಡಿಬರುವವರೆಗೆ ವರ್ಷಕ್ಕೂ ಹೆಚ್ಚು ಅಲ್ಲೇ ಕಾಯಬೇಕಾಗಬಹುದು.

ನಮ್ಮ ಇಸ್ರೋ 2024ರ ಡಿಸೆಂಬರ್ 30ರಂದು ತಲಾ 220 ಕೆ.ಜಿ.ಯ ಎರಡು ಸ್ಪೇಡೆಕ್ಸ್ ಉಪಗ್ರಹಗಳನ್ನು ಹಾರಿಸಿತು. ಜನವರಿ 7ಕ್ಕೆ ಜೋಡಣೆ ಎಂದಿದ್ದು ಮುಂದಕ್ಕೆ ಹೋಯಿತು. 12ರಂದು ಮೂರೇ ಮೀಟರ್ ಹತ್ತಿರ ತಂದು, ಮತ್ತೆ ದೂರ ಸರಿಸಿದರು. ಲೆಕ್ಕ ಪರಿಶೀಲಿಸಿ 16ರಂದು ಕೂಡಿಸಿದರು. ಹಾಗೆ ಕೂಡಿಸಿದ ನಾಲ್ಕನೆಯ ದೇಶ ನಮ್ಮದು. ಹಿಂದೆ ಸರಿದದ್ದನ್ನು ಅವರು ಸೋಲು ಎನ್ನಲಿಲ್ಲ.

ನಾನು ಈ ಶಾಲೆಯಿಂದ ಒಳ್ಳೆಯ ಅಂಕ ತೆಗೆದುಕೊಂಡು ಹೋಗಿ, ಮೊದಲ ವರ್ಷದ ಪಿಯುಸಿಯಲ್ಲಿ ಗಣಿತದಲ್ಲಿ ಫೇಲಾದವನು. ಇಂಗ್ಲಿಷ್ ಪಾಠ ತಲೆಗೆ ಹೋಗಲಿಲ್ಲ. “ಕಾಯಿ ಸುಲಿಯೋಕೆ ಬಾ” ಎಂದರು ಅಪ್ಪ. ನಮ್ಮ ಗಣಿತದ ಮೇಷ್ಟ್ರು ಮಾತ್ರ ಮನೆಗೆ ಕರೆದು, ಒಂಬತ್ತನೇ ತರಗತಿಯ ಕನ್ನಡ ಪುಸ್ತಕವನ್ನೇ ಮತ್ತೆ ಬಿಡಿಸಿದರು. ನನಗೆ ಅವಮಾನವಾಗಿತ್ತು. ಒಂದು ವರ್ಷ ಹೋಯಿತು. ಆದರೆ ಬಿಇ ಮುಗಿಯಿತು.

ತಂದೆತಾಯಂದಿರಲ್ಲಿ ಒಂದೇ ಕೋರಿಕೆ: ಒಂದು ವರ್ಷ ಹಿಂದೆ ಬಿದ್ದ ಮಗುವನ್ನು ಓದು ಬಿಡಿಸಬೇಡಿ. ಅದು ಕೆಳಗಿನ ಸುತ್ತಿನಲ್ಲಿದೆ, ಅಷ್ಟೇ.

ಮೇಷ್ಟ್ರಿಗೆ ಇಲ್ಲಿಂದಲೇ ನಮಸ್ಕಾರ.