ಓಎಂಆರ್ ಪಕ್ಕದ ಕಡಲು: ಬೇಸಿಗೆಯಲ್ಲಿ ಅಲ್ಲಿ ಯಾರ್ಯಾರಿದ್ದಾರೆ?

ಇವತ್ತು ನಾನು ಮಾತಾಡೋದು ಚೆನ್ನೈನ ಸುಮಾರು 30 ಕಿಲೋಮೀಟರ್ ಕರಾವಳಿ ಬಗ್ಗೆ. ಅಡ್ಯಾರ್ ನದಿ ಕಡಲು ಸೇರುವ ಜಾಗದಿಂದ ಮುಟ್ಟುಕಾಡು, ಕೋವಳಂ ಹಿನ್ನೀರಿನವರೆಗೆ. ನಮ್ಮಲ್ಲಿ ಎಷ್ಟೋ ಜನ ಇದಕ್ಕೆ ಸಮಾನಾಂತರವಾಗಿರುವ ಓಎಂಆರ್ ರಸ್ತೆಯಲ್ಲೇ ಕೆಲಸ ಮಾಡ್ತೀವಿ. ಮೇ ತಿಂಗಳು ಬಂತು ಅಂದ್ರೆ ನಮಗೆ ಗೊತ್ತಿರೋದು ಎರಡೇ: ಎಸಿ ಬಿಲ್ಲು, ಊರಿಗೆ ಹೋಗೋ ಟಿಕೆಟ್ಟು.

ಹಕ್ಕಿ ನೋಡೋಕೆ ಚಳಿಗಾಲವೇ ಸರಿ ಅಂತ ಎಲ್ಲರೂ ಹೇಳ್ತಾರೆ. ನಿಜ, ವಲಸೆ ಹಕ್ಕಿಗಳು ಬರೋದು ಆವಾಗಲೇ. ಏಪ್ರಿಲ್ ಹೊತ್ತಿಗೆ ಹೆಚ್ಚಿನವು ಉತ್ತರಕ್ಕೆ ಹೊರಟುಬಿಡುತ್ತವೆ. ಆದರೆ ಎಲ್ಲವೂ ಹೋಗಲ್ಲ. ನೀರಂಚಿನ ಹಕ್ಕಿಗಳಲ್ಲಿ ಒಂದು ವರ್ಷ ತುಂಬದ ಮರಿಗಳು ಕೆಲವು ಮೊದಲ ಬೇಸಿಗೆಯನ್ನು ಇಲ್ಲೇ ಕಳೆಯುತ್ತವೆ. ಇನ್ನೂ ಮರಿ ಮಾಡುವ ವಯಸ್ಸಾಗಿಲ್ಲ, ಸಾವಿರಾರು ಕಿಲೋಮೀಟರ್ ಹಾರಿ ಏನು ಲಾಭ? ರಜೆ ಸಿಗದೆ ಉಳಿದ ಫ್ರೆಶರ್‌ಗಳ ಹಾಗೆ ಕೆಸರಲ್ಲಿ ಹುಳ ಹುಡುಕುತ್ತಾ ಇರುತ್ತವೆ.

ಕೋವಳಂ ಹಿನ್ನೀರಿನ ನೀರು ಇಳಿದು ಕೆಸರಿನ ಬಯಲು ಮೇಲೆ ಬರುವುದು ಇದೇ ಕಾಲದಲ್ಲಿ. ಅಲ್ಲಿ, ಹಾಗೆಯೇ ಪಳ್ಳಿಕರಣೈ ಜೌಗಿನಲ್ಲಿ, ರಾಜಹಂಸಗಳು ಬೇಸಿಗೆಯಲ್ಲೂ ಕಾಣಸಿಗುತ್ತವೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳೂ ಇರುತ್ತವೆ. ಮಂಡ್ಯ ಕಡೆಯವರಿಗೆ ಇವು ಕೊಕ್ಕರೆ ಬೆಳ್ಳೂರಿನ ಹುಣಸೆ ಮರದಿಂದ ಪರಿಚಯ. ಪಳ್ಳಿಕರಣೈಗೆ 2022ರಲ್ಲಿ ರಾಮ್ಸರ್ ಮಾನ್ಯತೆ ಸಿಕ್ಕಿದೆ. ಅದರ ಒಂದು ಅಂಚಿಗೆ ಪೆರುಂಗುಡಿಯ ಕಸದ ರಾಶಿ, ಸುತ್ತಲೂ ನಮ್ಮ ಟೆಕ್ ಪಾರ್ಕುಗಳು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಬೇಸಿಗೆ ಅಂದ್ರೆ ಇಲ್ಲಿ ಹೆರಿಗೆ ಕಾಲ. ಟಿಟ್ಟಿಭ, ಮೆಟ್ಟುಗಾಲು ಹಕ್ಕಿ, ಪುಟ್ಟ ರೀವ, ಇವೆಲ್ಲ ಮೊಟ್ಟೆ ಇಡೋದು ಬಯಲು ನೆಲದ ಮೇಲೆ. ಗೂಡು ಅಂತ ಹೇಳೋಕೂ ಆಗಲ್ಲ, ಒಂದು ಸಣ್ಣ ತಗ್ಗು, ನಾಲ್ಕು ಕಲ್ಲುಚೂರು, ಅಷ್ಟೇ. ಮೊಟ್ಟೆಯ ಬಣ್ಣ ಮಣ್ಣಿನದೇ. ಇಂಥ ಬಿಸಿಲಲ್ಲಿ ಮೊಟ್ಟೆಗೆ ಕಾವು ಬೇಡ, ತಂಪು ಬೇಕು. ಅದಕ್ಕೆ ತಾಯಿಯೋ ತಂದೆಯೋ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಒಣಗಿದರೆ ಮತ್ತೆ ನೀರಿಗೆ, ಮತ್ತೆ ಮೊಟ್ಟೆಗೆ. ಮಧ್ಯಾಹ್ನದ ಬಿಸಿಲಲ್ಲಿ ಇದೇ ಕೆಲಸ.

ಪಂಚತಂತ್ರದಲ್ಲಿ ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರ ಎಳೆದುಕೊಂಡು ಹೋಗುತ್ತದೆ. ಹಕ್ಕಿಗಳು ಗರುಡನ ಹತ್ತಿರ ದೂರು ಕೊಟ್ಟು, ವಿಷ್ಣುವೇ ಗದರಿಸಿದ ಮೇಲೆ ಸಮುದ್ರ ಮೊಟ್ಟೆ ವಾಪಸ್ ಕೊಡುತ್ತದೆ. ಈಗ ಮೊಟ್ಟೆ ಹೋಗೋದು ಸಮುದ್ರಕ್ಕಲ್ಲ. ಒಣಗಿದ ಕೆಸರಿನ ಮೇಲೆ ಬೈಕು, ಜೀಪು ಓಡಿಸಿ ರೀಲ್ಸ್ ಮಾಡುವವರ ಚಕ್ರಕ್ಕೆ, ಬೀದಿ ನಾಯಿಗೆ. ದೂರು ಕೊಡೋಕೆ ಗರುಡನೂ ಇಲ್ಲ.

ಇನ್ನು ಕಡಲಾಮೆ. ಆಲಿವ್ ರಿಡ್ಲೆ ಹೆಣ್ಣಾಮೆಗಳು ಜನವರಿಯಿಂದ ಈ ದಂಡೆಗೆ ಬಂದು ಮರಳು ತೋಡಿ ಒಂದು ಸಲಕ್ಕೆ ನೂರರಷ್ಟು ಮೊಟ್ಟೆ ಇಡುತ್ತವೆ. ನಮ್ಮ ಹೊನ್ನಾವರ, ಕುಂದಾಪುರದ ಕಡೆಗೂ ಇದೇ ಆಮೆ ಬರುತ್ತದೆ. ಮರಿ ಆಗೋಕೆ ಸುಮಾರು ಒಂದೂವರೆ ತಿಂಗಳು ಬೇಕು. ಹಾಗಾಗಿ ಮಾರ್ಚ್‌ನಿಂದ ಮೇವರೆಗೆ ಮರಿಗಳು ಹೊರಬರುವ ಕಾಲ. ಮರಿ ಗಂಡೋ ಹೆಣ್ಣೋ ಅನ್ನೋದನ್ನ ತೀರ್ಮಾನಿಸೋದು ಮರಳಿನ ಬಿಸಿ. ಹೆಚ್ಚು ಕಾದರೆ ಹೆಣ್ಣೇ ಜಾಸ್ತಿ. ಇಲ್ಲಿ 1988ರಿಂದಲೂ ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಶನ್ ನೆಟ್‌ವರ್ಕ್‌ನ ಸ್ವಯಂಸೇವಕರು ರಾತ್ರಿಯಿಡೀ ದಂಡೆ ನಡೆದು, ಮೊಟ್ಟೆಗಳನ್ನು ಕಾವಲಿರುವ ಜಾಗಕ್ಕೆ ಸಾಗಿಸುತ್ತಿದ್ದಾರೆ.

ಆದರೂ 2025ರ ಜನವರಿಯಲ್ಲಿ ಚೆನ್ನೈ ದಂಡೆಗೆ ನೂರಾರು ಸತ್ತ ಆಮೆಗಳು ತೇಲಿ ಬಂದವು. ಆಮೆಗೂ ಉಸಿರಾಡೋಕೆ ನೀರಿನ ಮೇಲೆ ಬರಲೇಬೇಕು. ಟ್ರಾಲ್ ಬಲೆಯೊಳಗೆ ಸಿಕ್ಕಿದರೆ ಉಸಿರುಗಟ್ಟುತ್ತದೆ. ಈ ಕರಾವಳಿಯಲ್ಲಿ ಏಪ್ರಿಲ್ 15ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ, ಆದರೆ ಆಮೆಗಳು ದಡಕ್ಕೆ ಬರೋದು ಅದಕ್ಕೂ ಮುಂಚೆಯೇ.

ಅದು ಸರ್ಕಾರದ, ಮೀನುಗಾರರ ಮಟ್ಟದ ಮಾತು. ನಮ್ಮ ಕೈಲಿರೋದು ಬೆಳಕು. ಮೊಟ್ಟೆಯೊಡೆದ ಮರಿ ಕತ್ತಲಲ್ಲಿ ಹೊಳೆಯುವ ದಿಕ್ಕಿಗೆ ಓಡುತ್ತದೆ. ಹಿಂದೆ ಹೊಳೆಯುತ್ತಿದ್ದದ್ದು ಕಡಲು, ಈಗ ಹೊಳೆಯೋದು ನಮ್ಮ ಅಪಾರ್ಟ್‌ಮೆಂಟಿನ ಫ್ಲಡ್‌ಲೈಟು. ಮರಿ ರಸ್ತೆಗೆ ಬರುತ್ತದೆ. ನಾನಿರೋದು ನೀಲಾಂಗರೈನಲ್ಲಿ, ಬಾಡಿಗೆಗೆ. ಕಡಲಿನ ಕಡೆಗಿರುವ ಟೆರೇಸ್ ದೀಪವನ್ನು ಜನವರಿಯಿಂದ ಮೇವರೆಗೆ ರಾತ್ರಿ ಆರಿಸೋಣ ಅಂತ ಮೀಟಿಂಗ್‌ನಲ್ಲಿ ಕೇಳಿದೆ. ಒಬ್ಬರು, "ಸರ್, ನೀವು ಕರ್ನಾಟಕದವರು, ಎರಡು ವರ್ಷಕ್ಕೆ ಬೆಂಗಳೂರಿಗೆ ಹೋಗಿಬಿಡ್ತೀರಿ, ನಿಮಗ್ಯಾಕೆ?" ಅಂದರು. ಸಿಟ್ಟಿಗಿಂತ ಬೇಜಾರಾಯ್ತು. ಎಂಟು ವರ್ಷದಿಂದ ಇದೇ ಊರಿನ ನೀರು ಕುಡೀತಿದ್ದೀನಿ. ಕೊನೆಗೆ ವಾಚ್‌ಮನ್ ಅಣ್ಣನೇ, "ಮೇಲಿನ ದೀಪ ನನಗೆ ಬೇಕಿಲ್ಲ, ಗೇಟಿನದು ಸಾಕು" ಅಂದ ಮೇಲೆ ಒಪ್ಪಿದರು. ನಾಲ್ಕರಲ್ಲಿ ಮೂರು ದೀಪ ಈಗ ಆರುತ್ತವೆ. ನಾಲ್ಕನೆಯದರ ಚರ್ಚೆ ಇನ್ನೂ ನಡೀತಿದೆ.

ನೋಡಬೇಕು ಅನ್ನಿಸಿದವರಿಗೆ ಎರಡು ಮಾತು. ಮೇ ತಿಂಗಳಲ್ಲಿ ಐದೂ ಮುಕ್ಕಾಲಿಗೇ ಸೂರ್ಯ ಹುಟ್ಟುತ್ತಾನೆ, ಎಂಟಕ್ಕೆ ಮನೆ ಸೇರಿ. ಕೆಸರಿನ ಬಯಲಿಗೆ ಇಳಿಯಬೇಡಿ, ಅಂಚಲ್ಲೇ ನಿಂತು ಬೈನಾಕ್ಯುಲರ್‌ನಲ್ಲಿ ನೋಡಿ. ಟಿಟ್ಟಿಭ ನಿಮ್ಮ ತಲೆ ಮೇಲೆ ಕಿರುಚುತ್ತಾ ಸುತ್ತಿದರೆ ಗೂಡು ಹತ್ತಿರದಲ್ಲೇ ಇದೆ ಅಂತ ಅರ್ಥ. ಕಾಲಿಡುವ ಮುಂಚೆ ನೆಲ ನೋಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಡ್ರೋನ್ ಬೇಡವೇ ಬೇಡ. ಮುಂಬೈಯಲ್ಲಿರುವವರಿಗೆ ಠಾಣೆ ಖಾರಿ ಇದೆ, ಐರೋಲಿಯ ಆಫೀಸುಗಳ ಪಕ್ಕದಲ್ಲೇ.

ನಿಮ್ಮ ಕಟ್ಟಡದ ದೀಪ ಕಡಲಿನ ಕಡೆಗಿದ್ದರೆ, ಇವತ್ತೇ ವಾಚ್‌ಮನ್ ಹತ್ತಿರ ಮಾತಾಡಿ.