ಮಗುವಿನ ಮೊದಲ ಆನ್‌ಲೈನ್ ಆಟ: ಜೊತೆಗೆ ಕೂರುವವರು ಯಾರು?

(ಕುಪ್ಪಗಡ್ಡೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಈ ಸೀಮೆಯ ಮನೆಗಳ ಅಂಗಳವನ್ನು ರಾತ್ರಿ ಎಂಟರ ಸುಮಾರಿಗೆ ಒಮ್ಮೆ ನೋಡಬೇಕು. ದೀಪದ ಕೆಳಗೆ ಅಡಿಕೆಯ ರಾಶಿ, ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರು, ಗೋಡೆಗೆ ಒರಗಿದ ಏಳೆಂಟು ವರ್ಷದ ಮಗು. ಮಗುವಿನ ಕೈಯಲ್ಲಿ ಮೊಬೈಲು. ಮಗು ಹಟ ಮಾಡದೆ ಕುಳಿತಿದೆ ಎಂಬುದೇ ಸುಲಿತಕ್ಕೆ ಕುಳಿತವರಿಗೆ ದೊಡ್ಡ ಸಮಾಧಾನ. ಹಿಂದೆ ಮಗು ಹೊಸಿಲು ದಾಟಿದರೆ ‘ಯಾರ ಮನೆಗೆ ಆಡಲು ಹೊರಟೆ?’ ಎಂದು ಕೇಳುವವರು ಮನೆಯಲ್ಲಿ ನಾಲ್ವರಿದ್ದರು. ಈಗ ಮಗು ಮನೆಯೊಳಗೇ ಕುಳಿತು ಊರು, ಜಿಲ್ಲೆ, ದೇಶ ದಾಟಿ ಯಾರೊಡನೆಯೋ ಆಡುತ್ತಿರುತ್ತದೆ. ಆ ಪ್ರಶ್ನೆಯನ್ನು ಕೇಳುವವರಿಲ್ಲ.

ಈ ಉಪನ್ಯಾಸದ ವಿಷಯ ಆ ಪ್ರಶ್ನೆಯೇ ಆಗಿದೆ. ಮಕ್ಕಳು ಮೊಬೈಲಿನಲ್ಲಿ ಆಡಬೇಕೇ ಬೇಡವೇ ಎಂಬ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ್ದು, ಅದಕ್ಕಾಗಿಯೇ ಅನೇಕ ಮನೆಗಳಲ್ಲಿ ಸಾಲ ಮಾಡಿ ಫೋನು ಕೊಂಡದ್ದು ಸದಸ್ಯರಿಗೆ ನೆನಪಿರಬಹುದು. ಪಾಠಕ್ಕೆಂದು ಬಂದ ಫೋನು ಪಾಠ ಮುಗಿದ ಮೇಲೂ ಮನೆಯಲ್ಲೇ ಉಳಿಯಿತು. ಅದರೊಳಗೆ ಆಟವೂ ಬಂದಿತು.

ನಿಷೇಧದಿಂದ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳು ಸಾಕಷ್ಟಿವೆ. ಪಬ್ಜಿ ಆಟವನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿರ್ಬಂಧಿಸಿತು. ಮರುವರ್ಷವೇ ಅದು ಬೇರೆ ಹೆಸರಿನಲ್ಲಿ ಮರಳಿತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಂತಿತು, ಮಕ್ಕಳು ಬೇರೊಂದನ್ನು ಹುಡುಕಿಕೊಂಡರು. ಗ್ರಾಮ ಪಂಚಾಯಿತಿಗಳೂ ಈ ಕೆಲಸಕ್ಕೆ ಕೈ ಹಾಕಿವೆ. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಬಾನ್ಸಿ ಗ್ರಾಮವು 2022ರಲ್ಲಿ ಹದಿನೆಂಟು ವರ್ಷದೊಳಗಿನವರು ಮೊಬೈಲ್ ಬಳಸಬಾರದೆಂದು ಠರಾವು ಮಾಡಿತು. ಅದೇ ವರ್ಷ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ ಬೇರೊಂದು ದಾರಿ ಹಿಡಿಯಿತು. ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ, ಒಂದೂವರೆ ಗಂಟೆಯ ಕಾಲ ಮನೆಮಂದಿಯೆಲ್ಲ ಟಿ.ವಿ.ಯನ್ನೂ ಮೊಬೈಲನ್ನೂ ಬದಿಗಿಡಬೇಕು. ಎರಡನೆಯ ಠರಾವು ಹೆಚ್ಚು ವಿವೇಕದ್ದು. ಅದು ಮಗುವಿನ ಮೇಲೆ ಮಾತ್ರ ಕಟ್ಟಳೆ ಹಾಕದೆ ಅಪ್ಪ ಅಮ್ಮನನ್ನೂ ಅದೇ ಕಟ್ಟಳೆಗೆ ಒಳಪಡಿಸಿತು. ಆದರೆ ಸೈರನ್ ಮುಗಿದ ಮೇಲೆ ಫೋನು ಮತ್ತೆ ಕೈಗೆ ಬರುವುದಷ್ಟೆ? ಆಗ ಮಗುವಿನ ಬಳಿ ಕೂರುವವರು ಯಾರೆಂಬುದು ಉಳಿದೇ ಉಳಿಯುತ್ತದೆ.

ಆಟ ಕಲಿಸುವುದು ಈ ನಾಡಿನ ಹಿರಿಯರಿಗೆ ಹೊಸ ಕೆಲಸವಲ್ಲ. ಚೌಕಾಬಾರವನ್ನು ಯಾವ ಮಗುವೂ ಪುಸ್ತಕ ಓದಿ ಕಲಿತಿಲ್ಲ. ಅಜ್ಜಿ ನೆಲದ ಮೇಲೆ ಇಪ್ಪತ್ತೈದು ಮನೆ ಬರೆಯುತ್ತಿದ್ದಳು. ಕವಡೆ ಇಲ್ಲದಿದ್ದರೆ ಒಂದು ಬದಿ ಉಜ್ಜಿದ ಹುಣಸೆಬೀಜವೇ ಸಾಕಾಗುತ್ತಿತ್ತು. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಮನೆಯಲ್ಲಿ ಕುಳಿತ ಕಾಯಿಯನ್ನು ಕಡಿಯುವಂತಿಲ್ಲ. ಇಷ್ಟನ್ನು ಕಲಿಯುವಾಗಲೇ ಮಗು ಇನ್ನೂ ಕೆಲವನ್ನು ಕಲಿಯುತ್ತಿತ್ತು: ತನ್ನ ಸರದಿಗೆ ಕಾಯುವುದು, ಕಾಯಿ ಕಡಿಸಿಕೊಂಡಾಗ ಮಣೆ ಎಸೆಯದಿರುವುದು, ಗೆದ್ದಾಗ ಎದುರಿನವರನ್ನು ಹಂಗಿಸದಿರುವುದು. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವನ್ನು ಮೀಸಲಿಟ್ಟರು. ಅರಸರೇ ಆಟವನ್ನು ಇಷ್ಟು ಗಂಭೀರವಾಗಿ ಕಂಡ ನಾಡಿನಲ್ಲಿ ‘ಅದೆಲ್ಲ ಮಕ್ಕಳಾಟ’ ಎಂದು ತಾತ್ಸಾರ ಮಾಡುವುದಕ್ಕೆ ಕಾರಣವಿಲ್ಲ.

ಆನ್‌ಲೈನ್ ಆಟದಲ್ಲಿ ಎದುರಿನವರ ಮುಖ ಕಾಣುವುದಿಲ್ಲ, ಆಟದೊಳಗೆ ಅಂಗಡಿ ಇರುತ್ತದೆ, ಮಾತಿಗೆ ಬೇರೊಂದು ಕಿಂಡಿ ಇರುತ್ತದೆ. ಈ ಮೂರನ್ನು ಬಿಟ್ಟರೆ ಉಳಿದದ್ದು ಹಳೆಯ ಆಟವೇ. ಆದುದರಿಂದ ಕಲಿಸುವ ಕ್ರಮವೂ ಹಳೆಯದೇ ಇರಬಹುದು. ಮೊದಲು ಮಣೆ, ಆಮೇಲೆ ಒಂದೇ ಕೋಣೆಯಲ್ಲಿ ಎರಡು ಪರದೆ, ಕೊನೆಗೆ ದೂರದ ಪರಿಚಿತರು. ಅಪರಿಚಿತರೊಡನೆ ಆಡುವುದು ಚಿಕ್ಕ ಮಕ್ಕಳಿಗೆ ಬೇಕಾಗಿಯೇ ಇಲ್ಲ.

ಚದುರಂಗವನ್ನು ತೆಗೆದುಕೊಳ್ಳಬಹುದು. 2024ರ ಡಿಸೆಂಬರ್‌ನಲ್ಲಿ ಹದಿನೆಂಟರ ಹರೆಯದ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದ ಸುದ್ದಿ ಹಳ್ಳಿಗಳಿಗೂ ತಲುಪಿದೆ. ಲಿಚೆಸ್ ಎಂಬ ತಾಣದಲ್ಲಿ ಹಣವಿಲ್ಲದೆ, ಜಾಹೀರಾತಿನ ಕಾಟವಿಲ್ಲದೆ ಆಡಬಹುದು. ಸ್ನೇಹಿತರೊಡನೆ ಆಡುವ ಆಯ್ಕೆಯಲ್ಲಿ ಒಂದು ಕೊಂಡಿ ಸಿಗುತ್ತದೆ, ಆ ಕೊಂಡಿ ಕೈಗೆ ಸಿಕ್ಕವರು ಮಾತ್ರ ಆಟಕ್ಕೆ ಬರಬಲ್ಲರು. ಸಮಯದ ಮಿತಿಯಿಲ್ಲದೆಯೂ ಆಡಬಹುದು. ಮಗುವಿನ ಖಾತೆಯಲ್ಲಿ ಮಕ್ಕಳ ವಿಧಾನವನ್ನು ಆರಿಸಿದರೆ ಸಂದೇಶಗಳ ಕಿಂಡಿಯೇ ಮುಚ್ಚಿಹೋಗುತ್ತದೆ. ಸೊರಬ ತಾಲ್ಲೂಕಿನಿಂದ ದುಡಿಯಲು ಬೆಂಗಳೂರಿಗೆ ಹೋದ ತಂದೆಯರು, ಊರಿನಲ್ಲಿ ಅಜ್ಜ ಅಜ್ಜಿಯ ಬಳಿ ಬೆಳೆಯುವ ಮಕ್ಕಳು ಎಷ್ಟು ಜನರೆಂಬುದು ಸದಸ್ಯರಿಗೆ ಮನೆಮನೆಯ ಲೆಕ್ಕದಲ್ಲಿ ಗೊತ್ತು. ಅಂಥ ತಂದೆ ಭಾನುವಾರ ಮಧ್ಯಾಹ್ನ ಮಗಳೊಡನೆ ಒಂದು ಆಟ ಆಡಬಲ್ಲನು. ಫೋನಿನಲ್ಲಿ ‘ಊಟ ಆಯ್ತಾ, ಶಾಲೆಗೆ ಹೋಗಿದ್ದೆಯಾ’ ಎಂಬ ಎರಡು ಮಾತಿಗೆ ಮುಗಿಯುವ ಸಂಬಂಧಕ್ಕೆ ಅರ್ಧ ಗಂಟೆಯ ಆಟ ಸಿಕ್ಕರೆ ಅದು ಸಣ್ಣ ಲಾಭವಲ್ಲ. ನೆಲದ ಚೌಕಾಬಾರಕ್ಕೆ ಈ ಶಕ್ತಿ ಇರಲಿಲ್ಲ.

ಮಕ್ಕಳಿಗೆ ಕಟ್ಟುವ ಆಟಗಳೆಂದರೆ ಇನ್ನೂ ಪ್ರೀತಿ. ಮೈನ್‌ಕ್ರಾಫ್ಟ್ ಎಂಬುದು ಹಣ ಕೊಟ್ಟು ಕೊಳ್ಳಬೇಕಾದ ಆಟ. ಅದೇ ಬಗೆಯ ಲುವಾಂಟಿ ಎಂಬ ಮುಕ್ತ ತಂತ್ರಾಂಶ ಪುಕ್ಕಟೆಯಾಗಿ ದೊರೆಯುತ್ತದೆ. 2024ರವರೆಗೆ ಅದರ ಹೆಸರು ಮೈನ್‌ಟೆಸ್ಟ್ ಎಂದಿತ್ತು. ಅದರೊಳಗಿನ ಆಟಗಳನ್ನು ಒಮ್ಮೆ ಇಳಿಸಿಕೊಂಡರೆ ಮತ್ತೆ ಅಂತರ್ಜಾಲ ಬೇಕಿಲ್ಲ. ಎರಡು ಕಂಪ್ಯೂಟರುಗಳನ್ನು ಒಂದೇ ಸ್ಥಳೀಯ ಜಾಲಕ್ಕೆ ಸೇರಿಸಿದರೆ ಇಬ್ಬರು ಒಂದೇ ಜಗತ್ತಿನಲ್ಲಿ ಮನೆ, ಕೆರೆ, ತೋಟ ಕಟ್ಟಬಹುದು. ಮಳೆಗಾಲದಲ್ಲಿ ಟವರು ಕೈಕೊಟ್ಟರೂ ಆಟ ನಿಲ್ಲುವುದಿಲ್ಲ, ಅಪರಿಚಿತರು ಒಳಗೆ ಬರುವ ದಾರಿಯೂ ಇಲ್ಲ. ಕರೆಂಟು ಮಾತ್ರ ಇರಬೇಕು. ಅದರ ಬಗ್ಗೆ ಈ ಸಭೆಯಲ್ಲಿ ಹೆಚ್ಚು ಹೇಳುವ ಅಗತ್ಯ ಕಾಣುವುದಿಲ್ಲ.

‘ಅಮ್ಮನಿಗೇ ಬಾರದ ಆಟವನ್ನು ಅವಳು ಹೇಗೆ ಕಲಿಸಿಯಾಳು?’ ಎಂಬ ಸಂದೇಹ ಸಹಜ. ಇಲ್ಲಿ ಬಾರದಿರುವುದೇ ಅನುಕೂಲ. ಗುಂಡಿ ಎಲ್ಲಿದೆ ಎಂಬುದನ್ನು ಮಗು ಅಮ್ಮನಿಗೆ ತೋರಿಸುತ್ತದೆ, ಯಾವಾಗ ನಿಲ್ಲಿಸಬೇಕು ಎಂಬುದನ್ನು ಅಮ್ಮ ಮಗುವಿಗೆ ತೋರಿಸುತ್ತಾಳೆ. ಪ್ರತಿದಿನ ಮನೆಯ ಜಗಳ ಶುರುವಾಗುವುದೂ ಈ ನಿಲ್ಲಿಸುವ ಹೊತ್ತಿನಲ್ಲಿಯೇ. ಹಲವರು ಸೇರಿ ಆಡುವ ಆಟವನ್ನು ನಡುವೆ ತಡೆಹಿಡಿಯಲಾಗದು. ಉಳಿದ ಆಟಗಾರರು ಆಡುತ್ತಲೇ ಇರುತ್ತಾರೆ, ಎದ್ದುಹೋದ ಮಗು ಸೋಲುತ್ತದೆ ಅಥವಾ ಜೊತೆಗಾರರ ಬೈಗುಳ ತಿನ್ನುತ್ತದೆ. ಆಟ ಅರಿಯದ ತಂದೆಗೆ ಇದು ಉದ್ಧಟತನವಾಗಿ ಕಾಣುತ್ತದೆ. ಅವನು ಫೋನು ಕಿತ್ತುಕೊಳ್ಳುತ್ತಾನೆ, ಮಗು ಅಳುತ್ತದೆ, ಅನ್ನ ಆರುತ್ತದೆ. ಒಮ್ಮೆ ಜೊತೆಗೆ ಆಡಿದ ತಂದೆಯಾದರೆ ‘ಈ ಸುತ್ತು ಮುಗಿಸಿ ಏಳು, ಇನ್ನೊಂದು ಶುರುಮಾಡಬೇಡ’ ಎನ್ನುತ್ತಾನೆ. ಮಗು ಬಹುತೇಕ ಏಳುತ್ತದೆ.

ಇನ್ನು ಹಣದ ವಿಷಯ. ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಕಾಯ್ದೆಯನ್ನು ಅಂಗೀಕರಿಸಿತು. ಹಣ ಪಣಕ್ಕಿಟ್ಟು ಆಡಿಸುವವರಿಗೆ ಅದರಲ್ಲಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ಇದರಿಂದ ಎಲ್ಲ ಸೋರಿಕೆ ನಿಲ್ಲುತ್ತದೆ ಎಂದು ತಿಳಿಯಬಾರದು. ಆಟದೊಳಗಿನ ವಜ್ರ, ಉಡುಪು, ಆಯುಧಗಳ ಖರೀದಿ ಪಣವಲ್ಲ, ವ್ಯಾಪಾರ. ಅದು ನಡೆಯುತ್ತಲೇ ಇರುತ್ತದೆ. ಅಪ್ಪ ದಿನಸಿ ಅಂಗಡಿಯಲ್ಲಿ ಯುಪಿಐ ಪಿನ್ ಒತ್ತುವಾಗ ಪಕ್ಕದಲ್ಲಿ ನಿಂತ ಮಗು ನೋಡಿರುತ್ತದೆ. ಒಮ್ಮೆ ಆಟೋಪೇಗೆ ಒಪ್ಪಿಗೆ ಕೊಟ್ಟರೆ ಮುಂದಿನ ಸಲ ಪಿನ್ ಕೇಳದೆಯೂ ಹಣ ಕಡಿತವಾಗಬಹುದು. ಹಾಲಿನ ಡೇರಿಯ ಬಟವಾಡೆ, ಉದ್ಯೋಗ ಖಾತರಿಯ ಕೂಲಿ ಜಮಾ ಆಗುವ ಖಾತೆಯೇ ಆ ಫೋನಿಗೆ ಜೋಡಣೆಯಾಗಿದ್ದರೆ ನಷ್ಟ ಇಡೀ ಮನೆಯದಾಗುತ್ತದೆ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಬಹುದು, ಮಗುವಿಗೆ ಕೊಡುವ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇಡದಿರಬಹುದು. ಹಣ ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹಣಕ್ಕಿಂತ ಗಂಭೀರವಾದುದು ಅಪರಿಚಿತರ ಮಾತು. ‘ನಾನೂ ನಾಲ್ಕನೇ ಕ್ಲಾಸು’ ಎಂದು ಬರೆದವರು ನಲವತ್ತರ ಗಂಡಸೂ ಆಗಿರಬಹುದು. ಅವರು ಮೊದಲ ದಿನ ಕೇಳುವುದು ಊರಿನ ಹೆಸರು, ಆಮೇಲೆ ಶಾಲೆ, ಆಮೇಲೆ ಫೋಟೋ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ವಿವರ ಪಡೆಯಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ಜನ್ಮವರ್ಷವನ್ನು ಸುಳ್ಳಾಗಿ ತುಂಬುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಕಾನೂನು ತಲುಪದ ಈ ಜಾಗದಲ್ಲಿ ಮಗುವನ್ನು ಕಾಯುವುದು ಒಂದೇ: ಏನಾದರೂ ವಿಚಿತ್ರವೆನಿಸಿದಾಗ ಅದು ಅಮ್ಮನ ಬಳಿ ಬಂದು ಹೇಳುವ ಧೈರ್ಯ. ‘ಫೋನು ಕಿತ್ತುಕೊಳ್ಳುತ್ತಾರೆ’ ಎಂಬ ಹೆದರಿಕೆಯಿರುವ ಮಗು ಹೇಳುವುದಿಲ್ಲ. ಜೊತೆಗೆ ಆಡಿದ ಅಮ್ಮನಿಗೆ ಹೇಳುತ್ತದೆ, ಏಕೆಂದರೆ ಆ ಆಟದಲ್ಲಿ ಅವಳೂ ಇದ್ದಾಳೆ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನೂ ಮಗುವಿಗೆ ಬಾಯಿಪಾಠ ಮಾಡಿಸಿರಬೇಕು.

ಪಂಚಾಯಿತಿಯ ಪಾಲು ಇಲ್ಲಿ ಬರುತ್ತದೆ. ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಗೆ ಬಂದು, ಈಗ ಅರಿವು ಕೇಂದ್ರಗಳೆನಿಸಿವೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತವಾಗಿದೆ. ಕಂಪ್ಯೂಟರ್ ಇರುವ ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ಒಂದು ಗಂಟೆಯನ್ನು ‘ಮಗು ಮತ್ತು ಪೋಷಕರ ಆಟ’ಕ್ಕೆ ಮೀಸಲಿಡಲು ಹೊಸ ಅನುದಾನ ಬೇಕಾಗುವುದಿಲ್ಲ. ಒಂದು ನಿಯಮ ಸಾಕು: ಹತ್ತು ವರ್ಷದೊಳಗಿನ ಮಗು ದೊಡ್ಡವರ ಜೊತೆಯಿಲ್ಲದೆ ಪರದೆಯ ಮುಂದೆ ಕೂರುವಂತಿಲ್ಲ. ಅಪ್ಪ, ಅಮ್ಮ, ಅಜ್ಜಿ, ಅಣ್ಣ, ಯಾರಾದರೂ ಸರಿ. ಕಂಪ್ಯೂಟರ್ ಇಲ್ಲದ ಕಡೆ ಒಂದು ಚದುರಂಗದ ಮಣೆ, ಒಂದು ಚೌಕಾಬಾರದ ಹಾಸು, ನಾಲ್ಕು ಕವಡೆಗಳಿಂದಲೇ ಆರಂಭವಾಗಲಿ. ಸಾಮಾಜಿಕ ನ್ಯಾಯ ಸಮಿತಿಯು ಇದನ್ನು ಕೈಗೆತ್ತಿಕೊಳ್ಳಬಹುದು, ಸಂಜೀವಿನಿ ಒಕ್ಕೂಟದ ಸದಸ್ಯೆಯರನ್ನು ಮೊದಲ ತಂಡವಾಗಿ ಕರೆಯಬಹುದು. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳನ್ನೇ ಒಂದು ಮಾತು ಕೇಳುವುದು ಒಳ್ಳೆಯದು: ಯಾವ ಆಟ, ಯಾರೊಡನೆ, ಎಷ್ಟು ಹೊತ್ತು. ಉತ್ತರ ಕೇಳಿ ಯಾರನ್ನೂ ಗದರಿಸದಿದ್ದರೆ ಮುಂದಿನ ಸಭೆಯಲ್ಲಿ ಇನ್ನಷ್ಟು ಗೊತ್ತಾಗುತ್ತದೆ.

ದಿನವನ್ನು ಗೊತ್ತುಪಡಿಸುವಾಗ ಸ್ಥಳೀಯ ಬೆಳೆಯ ಲೆಕ್ಕವನ್ನು ಮರೆಯಬಾರದು. ನಾಟಿಯ ವಾರಗಳಲ್ಲಿ ಯಾವ ತಾಯಿಯೂ ಬರಲಾರಳು. ಸುಲಿತದ ದಿನಗಳಲ್ಲಿ ಸಂಜೆಯ ಬದಲು ಭಾನುವಾರ ಬೆಳಿಗ್ಗೆ ಅನುಕೂಲವಾದೀತು. ಗ್ರಂಥಾಲಯದ ಮೇಲ್ವಿಚಾರಕರಿಗೆ ಒಂದು ವಾರ ಮೊದಲೇ ತಿಳಿಸಿ, ಪ್ರತಿ ಪರದೆಯ ಮುಂದೆ ಎರಡೆರಡು ಕುರ್ಚಿ ಹಾಕಿಸಬೇಕು.